ಒಂದು ಕುರ್ಚಿಗೆ ಐದು ಪೊಲೀಸಮ್ಮಂದಿರು

ನೀವು ನಂಬುವುದಿಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ. ನನ್ನ ಕ್ಲಾಸಿನವರೇ ನಂಬಲಿಲ್ಲ, ಇನ್ನು ನೀವು ಯಾವ ಲೆಕ್ಕ. ಆದರೂ ಹೇಳುತ್ತೇನೆ. ನಮ್ಮೂರಿಗೆ ಎಷ್ಟು ಜನ ಪೊಲೀಸರು ಬೇಕು ಎಂದು ತೀರ್ಮಾನ ಮಾಡಿದ್ದು ನಾನು. ಆಗ ನನಗೆ ಹದಿನೈದು ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮನೆಯಲ್ಲಿ ಕೂತಿದ್ದೆ. ಗಣಿತದಲ್ಲಿ ಇವಳು ದಡ ಸೇರಲಿ ಎಂದು ಅಮ್ಮ ದಿನಕ್ಕೆ ಮೂರು ಸಲ ದೇವರ ಗೂಡಿಗೆ ಕೈ ಮುಗಿಯುತ್ತಿದ್ದಳು. ಅಂಥವಳ ಕೈಗೆ ಸರ್ಕಾರದ ಲೆಕ್ಕ ಬಂತು.

ಮೊನ್ನೆ ಕಾಲೇಜಿನ ಆಫೀಸಿಗೆ ಬಸ್ ಪಾಸಿನ ಅರ್ಜಿ ಕೊಡಲು ಹೋಗಿದ್ದೆ. ಅಲ್ಲಿನ ಗುಮಾಸ್ತರು ಎರಡು ಹಾಳೆಯ ನಡುವೆ ಕಾರ್ಬನ್ ಪೇಪರ್ ಇಟ್ಟು, ಪೆನ್ನನ್ನು ಒತ್ತಿ ಒತ್ತಿ ಬರೆಯುತ್ತಿದ್ದರು. ಸೀಮೆಎಣ್ಣೆಗೆ ಶಾಯಿ ಕಲಸಿದಂಥ ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಆಫೀಸಿನಲ್ಲಿ ಇರಲಿಲ್ಲ. ಎರಡು ವರ್ಷ ಹಿಂದಿನ ಬೇಸಿಗೆಗೆ, ಠಾಣೆಯ ಮುಂದಿನ ಹೊಂಗೆ ಮರದ ಕೆಳಗೆ ಹೋಗಿ ಕೂತಿದ್ದೆ. ಗುಮಾಸ್ತರು ಮೂರು ಸಲ ನನ್ನ ಹೆಸರು ಕೂಗಿದರಂತೆ.

ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅಪ್ಪನಿಗೆ ಮೆಮೊ ಬರುತ್ತದೆ. ಬಿಡದಿಗೂ ರಾಮನಗರಕ್ಕೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಎಂದಿಟ್ಟುಕೊಳ್ಳಿ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಲ್ಲಿ ಠಾಣೆ ಬಿಟ್ಟರೆ ಇದ್ದದ್ದು ಹಿಪ್ಪುನೇರಳೆ ತೋಟ, ಎರಡು ಟೀ ಅಂಗಡಿ ಮತ್ತು ಯಾವಾಗಲೂ ಬಾಗಿಲು ಹಾಕಿರುತ್ತಿದ್ದ ಒಂದು ಗ್ರಂಥಾಲಯ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಸುತ್ತ ಫ್ಯಾಕ್ಟರಿಗಳೆದ್ದವು. ಗಾರ್ಮೆಂಟ್ಸ್ ಒಂದರಲ್ಲೇ ಸಾವಿರಾರು ಹುಡುಗಿಯರು. ಎಲ್ಲರಿಗೂ ಬಾಡಿಗೆಗೆ ರೂಮು ಬೇಕು. ನಮ್ಮೂರಿನವರು ಹಸು ಕಟ್ಟುತ್ತಿದ್ದ ಕೊಟ್ಟಿಗೆಗೆ ಸುಣ್ಣ ಹೊಡೆದು, ಬಾಗಿಲು ಇಟ್ಟು, ಹಸುವನ್ನು ಹೊರಗೆ ಕಟ್ಟಿದರು. ಪಕ್ಕದ ಬೀದಿಯ ಒಂದು ಹಸು ಸಂಜೆ ಮೇಯ್ದು ಬಂದು ಅಭ್ಯಾಸಬಲದಿಂದ ಸೀದಾ ಒಳಗೆ ಹೋದರೆ, ಅಲ್ಲಿ ನಾಲ್ಕು ಹುಡುಗಿಯರು ಸಾಲಾಗಿ ಕೂತು ತಲೆ ಬಾಚಿಕೊಳ್ಳುತ್ತಿದ್ದರಂತೆ. ಹಸುವೇ ನಾಚಿಕೊಂಡು ಹಿಂದಕ್ಕೆ ಬಂತು ಎಂದು ಊರೆಲ್ಲ ಸುದ್ದಿ.

ಊರು ಹೀಗೆ ಹಿಟ್ಟಿನ ಹಾಗೆ ಉಬ್ಬುತ್ತಿದ್ದರೂ ಠಾಣೆ ಮಾತ್ರ ಹಾಗೇ ಇತ್ತು. ಒಳಗೆ ಹೋದ ಕೂಡಲೇ ಗೋಡೆಯ ಮೇಲೆ ಒಂದು ಕರಿ ಹಲಗೆ. "ಮಂಜೂರಾದ ಸಿಬ್ಬಂದಿ" ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಇಷ್ಟು ಕಾನ್‌ಸ್ಟೆಬಲ್ಲು, ಇಷ್ಟು ಹೆಡ್ಡು ಎಂದು ನಾನು ಹುಟ್ಟುವ ಮುಂಚೆಯೇ ಬರೆದದ್ದು. ಹೆಂಗಸರಿಗೆ ಅದರಲ್ಲಿ ಸಾಲೇ ಇರಲಿಲ್ಲ. ಆಮೇಲೆ ಒಬ್ಬಳು ಬಂದಾಗ ಪೇಂಟರು ಕೆಳಗಿನ ಚೌಕಟ್ಟಿಗೆ ಒತ್ತಿಕೊಂಡು, ಬೇರೆ ಬಣ್ಣದಲ್ಲಿ, ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವವರ ಹಾಗೆ "ಮಹಿಳೆ – 1" ಎಂದು ಬರೆದಿದ್ದ.

ಆ ಒಂದು ಅಂದರೆ ಮಂಗಳಕ್ಕ. ಚನ್ನಪಟ್ಟಣದ ಹತ್ತಿರದ ಹೊಂಗನೂರಿನವಳು. ಪೊಲೀಸ್ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆ. ಎತ್ತರ ಎಂದರೆ, ಬಾಗಿಲಿಗೆ ತೋರಣ ಕಟ್ಟಲು ಬೇರೆಯವರು ಸ್ಟೂಲು ಹುಡುಕುತ್ತಾರೆ, ನಾವು ಮಂಗಳಕ್ಕನನ್ನು ಕರೆಯುತ್ತಿದ್ದೆವು. ಅವಳಿಗೆ ಮದುವೆ ನಿಶ್ಚಯವಾಗಿ ವರ್ಷ ಕಳೆದಿತ್ತು. ಹುಡುಗ ಗಂಗಾಧರ, ಮಾಗಡಿ ತಾಲ್ಲೂಕಿನ ಸೋಲೂರಿನಲ್ಲಿ ಹಾಲಿನ ಡೈರಿಯ ಸೆಕ್ರೆಟರಿ. ಹುಡುಗ ಹುಡುಗಿ ಒಪ್ಪಿದ್ದರು, ಎರಡು ಮನೆಯವರೂ ಒಪ್ಪಿದ್ದರು. ಒಪ್ಪದಿದ್ದದ್ದು ಆ ಹಲಗೆ ಮಾತ್ರ. ಮೊದಲನೇ ಲಗ್ನದ ದಿನ ಯಾರೋ ಮಂತ್ರಿ ಬಂದರು, ಬಂದೋಬಸ್ತಿಗೆ ಹೆಂಗಸು ಬೇಕು, ರಜ ರದ್ದು. ಎರಡನೇ ಲಗ್ನದ ಹೊತ್ತಿಗೆ ಒಬ್ಬ ಹೆಂಗಸು ಆರೋಪಿಯನ್ನು ಆಸ್ಪತ್ರೆಗೆ ಸೇರಿಸಿದ್ದರು, ಪಕ್ಕದಲ್ಲಿ ಕಾಯಲು ಹೆಂಗಸೇ ಆಗಬೇಕು, ರಜ ರದ್ದು. ಎರಡು ಸಲ ಅಚ್ಚಾದ ಲಗ್ನಪತ್ರಿಕೆಗಳ ಹಿಂದೆ ಕ್ವಾರ್ಟರ್ಸಿನ ಹೆಂಗಸರೆಲ್ಲ ಅಂಗಡಿ ಚೀಟಿ ಬರೆಯುತ್ತಿದ್ದರು. ನಮ್ಮ ಮನೆಯಲ್ಲಿ ವಧು ವರರ ಹೆಸರಿನ ಹಿಂದೆ "ತೊಗರಿಬೇಳೆ, ಒಣಮೆಣಸಿನಕಾಯಿ" ಎಂದಿತ್ತು.

ಮೂರನೇ ಲಗ್ನ ಆಷಾಢ ಹುಟ್ಟುವುದಕ್ಕೆ ಮುಂಚಿನ ಕೊನೆಯ ಮುಹೂರ್ತ. ಗಂಗಾಧರನ ಅಜ್ಜಿ ಹೇಳಿ ಕಳಿಸಿದ್ದರು, "ಇದೂ ತಪ್ಪೋದ್ರೆ ನಾವು ಬ್ಯಾರೆ ಕಡೆ ಎಣ್ಣು ನೋಡ್ತೀವಿ. ನಮ್ ಹುಡ್ಗ ಸರ್ಕಾರಾನ ಮದ್ವೆ ಆಯ್ತಾವ್ನಾ, ಎಣ್ಣನ್ನಾ?"

ಎಸ್ಸೈ ಸಾಹೇಬರು ಕೆಟ್ಟವರೇನಲ್ಲ. ಮಂಗಳಕ್ಕ ರಜದ ಅರ್ಜಿ ಹಿಡಿದು ನಿಂತರೆ ಅವರಿಗೇ ಮುಖ ಸಪ್ಪಗಾಗುತ್ತಿತ್ತು. "ನೋಡಮ್ಮ, ನಿನ್ನ ಜಾಗ್ದಲ್ಲಿ ಕೂರೋಕೆ ಇನ್ನೊಬ್ಬಳು ಬರ್ಲಿ, ಅವತ್ತೇ ತಿಂಗಳು ರಜ ಬರ್ದು ಕೊಡ್ತೀನಿ. ಇರೋ ಒಬ್ಬಳನ್ನೂ ಕಳಿಸಿಬಿಟ್ಟು, ಹೆಣ್ಣುಮಕ್ಕಳು ಕಂಪ್ಲೇಂಟ್ ತಂದ್ರೆ ನಾನು ಸೀರೆ ಉಟ್ಕೊಂಡು ಕೂರ್ಲಾ?"

ಅಂಥ ಹೊತ್ತಿನಲ್ಲಿ ಮೇಲಿನಿಂದ ಒಂದು ಕಾಗದ ಬಂತು. ಫ್ಯಾಕ್ಟರಿಗಳು ಬರುತ್ತಿರುವ ಕಡೆ ಠಾಣೆಗಳಿಗೆ ಎಷ್ಟು ಸಿಬ್ಬಂದಿ ಬೇಕು, ಕೆಲಸದ ವಿವರ ಸಮೇತ ಮೂರು ವಾರದೊಳಗೆ ವರದಿ ಕಳಿಸಿ. ನಾನು ಅಪ್ಪನಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋದಾಗ ಎಸ್ಸೈ ಸಾಹೇಬರು, ಅಪ್ಪ, ಮಂಗಳಕ್ಕ ಮೂವರೂ ಆ ಕಾಗದದ ಸುತ್ತ, ಕಣಿ ಹೇಳುವವಳ ಮುಂದೆ ಕೂತವರ ಹಾಗೆ ಕೂತಿದ್ದರು. ನಮ್ಮಪ್ಪ ಪುಟ್ಟಸ್ವಾಮಿ, ಹೆಡ್ ಕಾನ್‌ಸ್ಟೆಬಲ್ಲು, ಠಾಣೆಯ ರೈಟರ್. ರೈಟರ್ ಎಂದರೆ ಕಥೆ ಬರೆಯುವವರಲ್ಲ. ಠಾಣೆಯಲ್ಲಿ ಏನೇನು ನಡೆಯಿತೋ ಅದನ್ನೆಲ್ಲ ದಪ್ಪ ಪುಸ್ತಕಗಳಲ್ಲಿ ಬರೆದಿಡುವ ಕೆಲಸ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅವರ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ.

"ಇದ್ರಲ್ಲೇನೈತೆ ಸಾ, ಕೇಸು ಎಷ್ಟಾಗೈತೆ ಅಂತ ಬರದ್ರಾಯ್ತು," ಎಂದು ಅಪ್ಪ ಕೇಸಿನ ಪುಸ್ತಕ ತೆರೆದರು. ತೆರೆದು ಪುಟ ತಿರುವುತ್ತಲೇ ಹೋದರು.

ಕೇಸುಗಳೇ ಇರಲಿಲ್ಲ. ಯಾಕಿರಲಿಲ್ಲ ಎಂದರೆ, ನಮ್ಮಲ್ಲಿ ಜಗಳ ಠಾಣೆಯೊಳಗೆ ಹೋಗುವುದೇ ಇಲ್ಲ, ಹೊಂಗೆ ಮರದ ಕೆಳಗೆ ಮುಗಿಯುತ್ತದೆ. ಎರಡೂ ಕಡೆಯವರು ಬರುತ್ತಾರೆ, ಊರ ಯಜಮಾನರು ಬರುತ್ತಾರೆ, ಅಪ್ಪ ಒಂದು ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಅವರು ಕೂಗಾಡುತ್ತಾರೆ, ಇವರು ಕೂಗಾಡುತ್ತಾರೆ, ಟೀ ಬರುತ್ತದೆ, ರಾಜಿಯಾಗುತ್ತದೆ. ಪುಸ್ತಕಕ್ಕೆ ಏನೂ ಏರುವುದಿಲ್ಲ. "ನಮ್ ಠಾಣೇಲಿ ಕೇಸೇ ಇಲ್ಲ" ಎಂದು ಅಪ್ಪ ನೆಂಟರ ಮದುವೆಗಳಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದ್ದೂ ಉಂಟು. ಆ ಹೆಮ್ಮೆ ಈಗ ಕಾಲಿಗೆ ತೊಡರಿತು.

"ಇದನ್ನೇ ಕಳಿಸಿದ್ರೆ ಇರೋ ಸಿಬ್ಬಂದೀಲೇ ಇಬ್ಬರನ್ನ ಕಿತ್ಕೊಂಡು ಹೋಗ್ತಾರೆ ಪುಟ್ಟಸ್ವಾಮಿ," ಎಂದರು ಎಸ್ಸೈ ಸಾಹೇಬರು. ಮಂಗಳಕ್ಕ ಕಿಟಕಿಯಾಚೆ ಹೊಂಗೆ ಹೂವು ಪುರಿಯ ಹಾಗೆ ಉದುರುವುದನ್ನು ನೋಡುತ್ತಿದ್ದಳು.

ನನಗೆ ಸುಮ್ಮನಿರುವ ಕಾಯಿಲೆ ಇಲ್ಲ. "ಕೇಸು ಯಾಕೆ ಎಣಿಸ್ತೀರಿ, ಮರದ ಕೆಳಗೆ ಬರೋ ಜನಾನ ಎಣಿಸಿ," ಎಂದೆ.

"ಕ್ಯಾರಿಯರ್ ಮಡಗಿ ಮನೆಗ್ ನಡಿಯವ್ವ ನೀನು," ಎಂದರು ಅಪ್ಪ.

"ಇರು ಪುಟ್ಟಸ್ವಾಮಿ," ಎಂದರು ಎಸ್ಸೈ ಸಾಹೇಬರು. "ಎಣಿಸೋದ್ಯಾರು? ನಮ್ಮೋರ್ಗೆಲ್ಲ ಪುರ್‌ಸೊತ್ತೆಲ್ಲೈತೆ?"

ಇಡೀ ಠಾಣೆಯಲ್ಲಿ ಪುರುಸೊತ್ತು ಇದ್ದದ್ದು ಯಾರಿಗೆ ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ಇದಕ್ಕಿಂತ ದೊಡ್ಡ ನೇಮಕಾತಿ ಜಿಲ್ಲೆಯಲ್ಲಿ ಆಗಿಲ್ಲ.

ಮರುದಿನ ಬೆಳಿಗ್ಗೆ ತಟ್ಟೆ ಇಡ್ಲಿ ತಿಂದು, ಒಂದು ಉದ್ದನೆಯ ಪುಸ್ತಕ ಹಿಡಿದು, ಮರದ ಕೆಳಗೆ ಹಾಜರಾದೆ. ಗೆರೆ ಎಳೆದು ಕಾಲಂ ಮಾಡಿದೆ. ಯಾರು ಬಂದರು, ಯಾಕೆ ಬಂದರು, ಎಷ್ಟು ಹೊತ್ತು ಹಿಡಿಯಿತು. ಕೊನೆಯದು ನನ್ನ ಸ್ವಂತ ಬುದ್ಧಿ: ಹೆಂಗಸು ಪೊಲೀಸ್ ಬೇಕಾಯಿತೇ. ಸಂಜೆ ಅದನ್ನು ಅಪ್ಪ ಕಾರ್ಬನ್ ಹಾಕಿ ಮೂರು ಪ್ರತಿ ಇಳಿಸುತ್ತಿದ್ದರು, ನಾನು ಹಾಳೆ ಜೋಡಿಸಿ ಕೊಡುತ್ತಿದ್ದೆ. ಇಡೀ ಬೇಸಿಗೆ ನನ್ನ ಹೆಬ್ಬೆರಳು ನೀಲಿ. ಮೂಗು ಕೆರೆದುಕೊಂಡರೆ ಮೂಗೂ ನೀಲಿ.

ಮೊದಲ ದಿನ ಬಂದದ್ದು ಒಂದು ಕೋಳಿ. ಕೋಳಿಯ ಹಿಂದೆ ಇಪ್ಪತ್ಮೂರು ಜನ. ನಮ್ಮ ಕಡೆ ಯಾರೂ ಠಾಣೆಗೆ ಒಬ್ಬರೇ ಬರುವುದಿಲ್ಲ. ಒಬ್ಬರೇ ಬಂದರೆ ಬಂಧು ಬಳಗ ಇಲ್ಲದವರು ಎಂದು ತಿಳಿದುಕೊಂಡಾರು ಎಂಬ ಭಯ. ಒಬ್ಬಾಕೆಯ ಕೋಳಿ ಪಕ್ಕದ ಮನೆಗೆ ಹೋಗಿ ಮೊಟ್ಟೆಯಿಟ್ಟಿದೆ, ಮೊಟ್ಟೆ ಯಾರದು ಎಂಬುದು ವ್ಯಾಜ್ಯ. ಅದಕ್ಕೆ ಎರಡು ಮನೆಯವರು, ಎರಡು ಕಡೆಯ ಭಾವಮೈದುನರು, ಎಲ್ಲರಿಗೂ ಮೇಲೆ ಅವರೂರಿನ ಯಜಮಾನ ಕೆಂಪಯ್ಯ. ಕೆಂಪಯ್ಯನ ಮೀಸೆ ಎಷ್ಟು ದೊಡ್ಡದೆಂದರೆ, ಟೀ ಕುಡಿದ ಮೇಲೆ ಅದನ್ನು ಹಿಂಡಿದರೆ ಇನ್ನರ್ಧ ಲೋಟ ಸಿಗುತ್ತಿತ್ತು.

"ಏನವ್ವ, ನನ್ನೂ ಬರ್ಕಂಡ್ಯಾ?" ಎಂದು ಪುಸ್ತಕಕ್ಕೆ ಇಣುಕಿದ ಕೆಂಪಯ್ಯ.

"ಬರ್ಕೊಂಡೆ ತಾತ."

"ಆ ಬೀಡಿ ಸೇದ್ತಾವ್ನಲ್ಲ, ಅವ್ನ?"

"ಅವ್ರೂ ಕೋಳಿ ವಿಚಾರಕ್ಕೆ ಬಂದೋರಾ?"

"ಇಲ್ಲ ಕಣವ್ವ, ಅವ್ನು ರಾಮ್‌ನಗ್ರಕ್ಕೆ ರೇಸ್ಮೆ ಗೂಡು ಮಾರಾಕೆ ಒಂಟಿದ್ದ. ಟೆಂಪೋ ಒಂದೇ ಅಲ್ವಾ, ಕಷ್ಟ ಸುಖಕ್ಕೆ ಇರ್ಲಿ ಅಂತ ಇಳಿಸ್ಕಂಡೊ."

ಅವನನ್ನೂ ಬರೆದುಕೊಂಡೆ. ಅಪ್ಪ ಎರಡು ಗಂಟೆ ಹೊತ್ತು ಕೇಳಿ ತೀರ್ಪು ಕೊಟ್ಟರು. ಕೋಳಿ ಸಾಕಿದವಳದು, ಮೊಟ್ಟೆ ಜಾಗ ಕೊಟ್ಟವಳದು. ನಾಳೆಯಿಂದ ಕೋಳಿಯನ್ನು ಮಂಕರಿಯೊಳಗೆ ಮುಚ್ಚಿ ಹಾಕಿಕೊಳ್ಳದಿದ್ದರೆ ತಪ್ಪು ಸಾಕಿದವಳದೇ. ಹೆಂಗಸರಿಬ್ಬರೂ ಜಡೆಗೆ ಕೈ ಹಾಕುವ ಹಂತಕ್ಕೆ ಬಂದಾಗ ಮಂಗಳಕ್ಕ ನಡುವೆ ನಿಂತಳು. ಒಂದು ಕಡೆಯವಳಿಗೆ ಇನ್ನೊಬ್ಬಳು ಕಾಣಿಸುವುದೇ ನಿಂತಿತು, ಜಗಳ ತಾನಾಗಿ ಆರಿತು. ಕೊನೆಯ ಕಾಲಮಿನಲ್ಲಿ "ಹೌದು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ನಾಲ್ಕನೇ ದಿನವೋ ಐದನೇ ದಿನವೋ ಮದುಮಗ ಗಂಗಾಧರ ಬಂದ. ಬೆಳಗಿನ ಹಾಲು ಅಳೆದು ಸೋಲೂರು ಬಿಟ್ಟರೆ ಸಂಜೆಯ ಹಾಲಿಗೆ ವಾಪಸ್ ಇರಬೇಕು. ಎರಡೆರಡು ಬಸ್ಸು ಬದಲಾಯಿಸಿ ಬಂದವನಿಗೆ ಹೆಂಡತಿಯಾಗುವವಳ ಮುಖ ನೋಡಲು ಸಿಗುವುದು ಮುಕ್ಕಾಲು ಗಂಟೆ. ಅವತ್ತು ಅದೂ ಸಿಗಲಿಲ್ಲ, ಮಂಗಳಕ್ಕ ಬಂದೋಬಸ್ತಿಗೆ ಕನಕಪುರಕ್ಕೆ ಹೋಗಿದ್ದಳು. ತಂದಿದ್ದ ಪೇಡದ ಪೊಟ್ಟಣ ನನ್ನ ಕೈಗಿಟ್ಟು, ಬೆಂಚಿನ ಮೇಲೆ ಕೂತು ಪುಸ್ತಕ ನೋಡಿದ.

"ಎಷ್ಟ್ ಜನ ಕೇಳ್ತೀಯವ್ವ?"

"ಇನ್ನೊಬ್ಬಳು. ಒಟ್ಟು ಇಬ್ಬರು."

ಅವನು ತಲೆಯಾಡಿಸಿದ. "ಸಾಲಾಕಿಲ್ಲ. ನಂದೇ ನೋಡು. ಡೈರೀಲಿ ಸ್ಟೂಲು ಒಂದೇ ಐತೆ ಅಂದ್ಬುಟ್ಟು ಒಬ್ಬನ್ನೇ ಕೂರ್ಸವ್ರೆ. ಹಸೀಗೆ ಭಾನ್ವಾರ ಇಲ್ಲ, ಹಬ್ಬ ಇಲ್ಲ. ಗಂಗಾಧರನ್ ಮದ್ವೆ ಅಂತ ಅದು ಕೆಚ್ಚಲು ಬಿಗಿ ಹಿಡ್ಕಂಡದಾ? ನಂಗೆ ಜ್ವರ ಬಂದ್ರೂ ಸ್ಟೂಲಿನ್ ಮ್ಯಾಲೇ ನಡುಗ್‌ತಾ ಕುಂತಿರ್ತೀನಿ. ನಿಮ್ದಾದ್ರೆ ಇಪ್ಪತ್ನಾಕ್ ಗಂಟೆ. ಎಂಟೆಂಟ್ ಗಂಟೆ ಅಂದ್ರೂ ಮೂರು ಜನ ಆತು. ಅವ್ರು ವಾರಕ್ಕೊಂದಪ ಮನೆಗೋಗ್ ಬ್ಯಾಡ್ವಾ? ಅವತ್ತಿಗೊಬ್ಳು. ಕೋರ್ಟು, ಬಂದೋಬಸ್ತು, ಜ್ವರ, ಮದ್ವೆ, ಬಾಣಂತನ, ಇವಕ್ಕೆಲ್ಲ ಸೇರಿ ಇನ್ನೊಬ್ಳು. ಒಂದ್ ಕುರ್ಚಿ ಯಾವತ್ತೂ ಖಾಲಿ ಆಗ್‌ಬಾರ್ದು ಅಂದ್ರೆ ಐದು ಜನ ಬೇಕು ಕಣವ್ವ."

ಬಾಣಂತನ ಎನ್ನುವಾಗ ಅವನ ಕಿವಿ ಕೆಂಪಾಯಿತು, ಆದರೆ ಲೆಕ್ಕ ಬಿಡಲಿಲ್ಲ. ಒಳಗಿನಿಂದ ಕೇಳಿಸಿಕೊಂಡ ಅಪ್ಪ, "ಕುರ್ಚಿಗೇ ಕಾಲು ನಾಕು, ನೀನು ಐದ್ ಜನ ಅಂತೀಯಲ್ಲಪ್ಪ," ಎಂದರು. ಆದರೂ ಒಂದು ಚೀಟಿಯ ಮೇಲೆ ಕೂಡಿ ಕಳೆದು ನೋಡಿದರು. ಎರಡನೇ ಸಲವೂ ಐದೇ ಬಂತು. ವರದಿಯಲ್ಲಿ "5" ಎಂದು ಬರೆದದ್ದು ನಾನು. ಲೆಕ್ಕ ಮದುಮಗನದು ಎಂಬುದನ್ನು ಕ್ಲಾಸಿನಲ್ಲಿ ಹೇಳುವಾಗ ನಾನು ಯಾಕೋ ಮರೆಯುತ್ತೇನೆ.

ಎರಡನೇ ವಾರಕ್ಕೆ ಗುಟ್ಟು ಬಯಲಾಯಿತು. ಬಯಲು ಮಾಡಿದ್ದು ಯಾರು ಎಂದು ಕೇಳಬೇಡಿ, ಪೇಡ ತಿಂದ ಬಾಯಿ ತಡೆಯಲಿಲ್ಲ. ಮಂಗಳಕ್ಕನ ಮದುವೆ ಈ ಪುಸ್ತಕದಲ್ಲಿ ತಲೆಗಳು ಹೆಚ್ಚುವುದರ ಮೇಲೆ ನಿಂತಿದೆ ಎಂದು ಕೆಂಪಯ್ಯನಿಗೆ ಗೊತ್ತಾದದ್ದೇ ಸಾಕು, ಸುತ್ತಲಿನ ಹಳ್ಳಿಯವರೆಲ್ಲ ಉಪಕಾರ ಮಾಡಲು ಹೊರಟರು. ಹೊಸ ಜಗಳ ಸಿಗದವರು ಹಳೆಯ ಜಗಳಗಳನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ ತಂದರು. ಇಬ್ಬರು ಅಣ್ಣತಮ್ಮಂದಿರು ಒಂಬತ್ತು ವರ್ಷದ ಹಿಂದೆ ರಾಜಿಯಾಗಿದ್ದ ಬೇಲಿ ಜಗಳ ತಂದರು. ಬರುವಾಗ ಒಂದೇ ಸೈಕಲ್ಲಿನಲ್ಲಿ ಬಂದಿದ್ದರು, ಅಣ್ಣ ತುಳಿಯುತ್ತಿದ್ದ, ತಮ್ಮ ಹಿಂದೆ ಕೂತು ಹಾಡು ಹೇಳುತ್ತಿದ್ದ.

"ಬರ್ಕೊ ಮಗ. ಇವ್ನು ನಮ್ ಬೇಲೀನ ಎರಡಡಿ ಈಚೆಗ್ ಹಾಕ್ಬುಟ್ಟವ್ನೆ," ಎಂದ ಅಣ್ಣ, ನನಗೆ ಕಣ್ಣು ಹೊಡೆದು.

"ಎರಡಡಿ ಎಲ್ಲಾತು? ಒಂದೂವರೆ," ಎಂದ ತಮ್ಮ, ನಗುತ್ತಾ.

"ಅಂದ್ರೆ ಒಂದೂವರೆ ಹಾಕಿರೋದ್ ನಿಜ ಅಂತ ಆತು."

"ಅಂಗ್ಯಾವನ್ಲಾ ಅಂದ?"

"ನೀನೇ ಅಂದ್ಯಲ್ಲೋ, ಈ ಮಗೀನ್ ಎದುರ್ಗೇ."

ನಗು ಎಲ್ಲಿ ನಿಂತಿತು ಎಂದು ನನಗೂ ತಿಳಿಯಲಿಲ್ಲ. ನೋಡನೋಡುತ್ತಿದ್ದ ಹಾಗೆ ಇಬ್ಬರೂ ಹೊಂಗೆ ಹೂವಿನ ಮೇಲೆ ಉರುಳಾಡುತ್ತಿದ್ದರು. ಬಿಡಿಸಲು ಹೋದ ಇಬ್ಬರು ಕಾನ್‌ಸ್ಟೆಬಲ್ಲುಗಳ ಟೋಪಿಗಳು ಅದಲು ಬದಲಾದವು. ಅಣ್ಣತಮ್ಮಂದಿರ ಹೆಂಡತಿಯರು ಆಟೋದಲ್ಲಿ ಬಂದು ಸೇರಿಕೊಂಡರು. ಸಂಜೆ ತಮ್ಮ ಬಸ್ಸಿಗೆ ಹೋದ, ಅಣ್ಣ ಸೈಕಲ್ಲು ತಳ್ಳಿಕೊಂಡು ಒಬ್ಬನೇ ಹೋದ. ಅಪ್ಪ ನನ್ನನ್ನು ನೋಡಿದ ನೋಟಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಅದರ ಮರುದಿನದ್ದು ಒಂದು ಸಾಲಿದೆ. ಅದನ್ನು ನಾನು ಕ್ಲಾಸಿನಲ್ಲಿ ಹೇಳುವುದಿಲ್ಲ, ಅದರಲ್ಲಿ ನಗುವುದಕ್ಕೆ ಏನೂ ಇಲ್ಲ.

ಅವತ್ತು ಮರದ ಕೆಳಗೆ ಸಂತೆಯಂಥ ಜನ, ಎಲ್ಲ ಉಪಕಾರದ ಜನ. ನಾನು ಬರೆದು ಬರೆದು ಕೈ ಸೋತು ನೀರು ಕುಡಿಯಲು ಒಳಗೆ ಹೋದಾಗ, ವರಾಂಡದ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಗಾರ್ಮೆಂಟ್ಸಿನ ಗುರುತಿನ ಕಾರ್ಡು ಕೊರಳಲ್ಲಿತ್ತು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಒಬ್ಬಳೇ ಬಂದಿದ್ದಳು. ನಮ್ಮ ಕಡೆಯವಳಾಗಿದ್ದರೆ ಜೊತೆಗೆ ಇಪ್ಪತ್ತು ಜನ ಇರುತ್ತಿದ್ದರು.

ಅಪ್ಪ ಹೋಗಿ, "ಏನಾಯ್ತವ್ವ? ನನ್ ಮಗಳಿದ್ದಂಗಿದ್ದೀಯ, ಹೇಳವ್ವ," ಎಂದರು. ಅವಳು ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಅಕ್ಕ ಬರಲಿ," ಎಂದಳು. ಎಸ್ಸೈ ಸಾಹೇಬರು ಕೇಳಿದಾಗಲೂ ಅದೇ ಉತ್ತರ. ಮಂಗಳಕ್ಕ ರಾಮನಗರದ ಕೋರ್ಟಿನಲ್ಲಿದ್ದಳು, ಒಬ್ಬ ಹೆಂಗಸು ಆರೋಪಿಯನ್ನು ಹಾಜರುಪಡಿಸಲು. ಹುಡುಗಿ ಕಾದಳು. ನಾನು ಕೊಟ್ಟ ನೀರು ಕುಡಿದಳು, ಬಾಳೆಹಣ್ಣು ಕೊಟ್ಟರೆ ಬೇಡ ಎಂದಳು. ಮಧ್ಯೆ ಎರಡು ಸಲ ಎದ್ದು ಬಾಗಿಲವರೆಗೂ ಹೋದಳು. ಹೋಗಿಬಿಡುತ್ತಾಳೆ ಎಂದುಕೊಂಡೆ, ಎರಡು ಸಲವೂ ಬಂದು ಕೂತಳು. ಮಧ್ಯಾಹ್ನ ಮಳೆ ಬಂದು ಉಪಕಾರದವರೆಲ್ಲ ಟೆಂಪೋ ಹತ್ತಿದರು. ಅವಳು ಕೂತೇ ಇದ್ದಳು. ಮಂಗಳಕ್ಕ ನೆನೆದುಕೊಂಡು ಬಂದವಳು ತಲೆ ಒರೆಸಿಕೊಳ್ಳದೆ ಅವಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಹತ್ತು ನಿಮಿಷ ಮಾತಾಡಿದರು. ಫ್ಯಾಕ್ಟರಿ ವ್ಯಾನಿನ ಒಬ್ಬ ಡ್ರೈವರು ಅವಳ ರೂಮಿನವರೆಗೂ ಹಿಂದೆ ಬೀಳುತ್ತಿದ್ದನಂತೆ, ಚಿಲಕ ಅಲ್ಲಾಡಿಸುತ್ತಿದ್ದನಂತೆ. ಸಂಜೆಯೊಳಗೆ ಅವನನ್ನು ಕರೆತಂದರು. ಅದು ಪುಸ್ತಕಕ್ಕೂ ಏರಿತು. ಅಪ್ಪ ಮರದ ಕಡೆ ನೋಡಲೇ ಇಲ್ಲ, ಸೀದಾ ಕೇಸು ಬರೆದರು.

ನಾನು ನನ್ನ ಪುಸ್ತಕದಲ್ಲಿ ಹೊಸದೊಂದು ಕಾಲಂ ಎಳೆದು, "ಹೆಂಗಸು ಪೊಲೀಸಿಗಾಗಿ ಕಾದದ್ದು" ಎಂದು ಬರೆದೆ. ಕೆಳಗೆ, ನಾಲ್ಕು ಗಂಟೆ.

ಮೂರನೇ ವಾರದ ಕೊನೆಗೆ ರಾಮನಗರದಿಂದ ದೊಡ್ಡ ಸಾಹೇಬರು ಪರಿಶೀಲನೆಗೆ ಬಂದರು. ಅವತ್ತು ಯಾರೂ ಬರಬೇಡಿ ಎಂದು ಅಪ್ಪ ಕೆಂಪಯ್ಯನಿಗೆ ಹೇಳಿ ಕಳಿಸಿದ್ದರು. ಹೇಳಿ ಕಳಿಸಿದ್ದೇ ತಪ್ಪಾಯಿತು, ಅವತ್ತೇ ಮುಖ್ಯವಾದ ದಿನ ಎಂದು ಅವನಿಗೆ ಗೊತ್ತಾಯಿತು. ಟ್ರ್ಯಾಕ್ಟರಿನಲ್ಲಿ ಎಪ್ಪತ್ತು ಜನರನ್ನು ತುಂಬಿಕೊಂಡು ಬಂದ. ದೊಡ್ಡ ಸಾಹೇಬರು ಜೀಪಿನಿಂದ ಇಳಿದರೆ ಮುಂದೆ ಜಾತ್ರೆ. ಅವರು ಎದುರಿಗೆ ಸಿಕ್ಕ ಒಬ್ಬ ಅಜ್ಜಿಯನ್ನು ಕೇಳಿದರು, "ಏನಮ್ಮ, ನಿಮ್ಮ ಕಂಪ್ಲೇಂಟ್ ಏನು?"

ಅಜ್ಜಿ ಕೆಂಪಯ್ಯನ ಕಡೆ ತಿರುಗಿ, "ನಂದೇನ್ಲಾ?" ಎಂದಳು. ಕೆಂಪಯ್ಯ ಮೀಸೆ ನೋಡಿಕೊಂಡ. ಅಜ್ಜಿ ತಾನೇ ದಾರಿ ಹುಡುಕಿದಳು. "ಯಾವ್ದಾರ ಒಂದ್ ಬರ್ಕಳಿ ಸ್ವಾಮಿ. ನಮ್ ಮಂಗಳವ್ವನ್ ಮದ್ವೆ ಆದ್ರೆ ಸಾಕು."

ಎಸ್ಸೈ ಸಾಹೇಬರ ಮುಖ ಹಳೆಯ ಲಗ್ನಪತ್ರಿಕೆಯ ಹಾಗಾಯಿತು. ದೊಡ್ಡ ಸಾಹೇಬರು ಒಳಗೆ ಹೋಗಿ ಕೂತು, "ಆ ಪುಸ್ತಕ ಕೊಡಿ," ಎಂದರು.

ಕೋಳಿಯ ಪುಟ ಓದಿದರು. ತುಟಿ ಸ್ವಲ್ಪ ಅಲುಗಿತು. ಬೇಲಿಯ ಪುಟ ಓದಿದರು. "ಇವರಿಬ್ಬರೂ ಒಂದೇ ಸೈಕಲ್ಲಲ್ಲಿ ಬಂದ್ರಾ?" ಎಂದರು. ಹೌದು ಎಂದೆ. ಪುಟ ತಿರುವುತ್ತಾ ಹೋದವರು ಒಂದು ಕಡೆ ನಿಂತರು. ಬೆರಳಿಟ್ಟುಕೊಂಡು, "ಈ ಕಾಲಂ ಎಳೆದದ್ದು ಯಾರು?" ಎಂದು ಕೇಳಿದರು.

ಅಪ್ಪ ನನ್ನ ಮುಂದೆ ಬಂದು ನಿಂತರು. "ನನ್ ಮಗಳು ಸಾರ್. ತಪ್ಪಾಗಿದ್ರೆ ನಂದು. ಉಳಿದಿದ್ದೆಲ್ಲ ನೀವು ಹೊಡ್ದಾಕಿದ್ರೂ ಆಯ್ತು ಸಾರ್. ಆ ಸಾಲು ಮಾತ್ರ ನಾನೇ ಕಣ್ಣಾರೆ ಕಂಡಿದ್ದು."

ದೊಡ್ಡ ಸಾಹೇಬರು ಗೋಡೆಯ ಹಲಗೆ ನೋಡಿದರು, ಕೆಳಗೆ ನೇತಾಡುತ್ತಿದ್ದ ಒಂದನ್ನು ನೋಡಿದರು. "ಐದು ಅಂತ ಹೇಗೆ ಬಂತು?" ಎಂದರು. ನಾನು ಹಸುವಿನಿಂದ ಶುರುಮಾಡಿ ಹೇಳಿದೆ. ಸಾಹೇಬರು ಬೆರಳು ಮಡಚಿ ಎಣಿಸಿದರು. ಕೊನೆಗೆ ಎದ್ದು ನಿಂತು ನನಗೆ ಸೆಲ್ಯೂಟ್ ಹೊಡೆದರು, "ಇಂಥ ಲೆಕ್ಕ ನಮ್ಮ ಇಲಾಖೆಯಲ್ಲೇ ಯಾರೂ ಮಾಡಿರಲಿಲ್ಲ," ಎಂದರು.

ಐದು ಕೇಳಿದೆವು. ವಾರದೊಳಗೆ ಬೇರೆ ಠಾಣೆಯಿಂದ ಒಬ್ಬಳು ತಿಂಗಳ ಮಟ್ಟಿಗೆ ಬಂದಳು. ಎಸ್ಸೈ ಸಾಹೇಬರು ಕೊಟ್ಟ ಮಾತಿನಂತೆ ಅವತ್ತೇ ರಜ ಬರೆದರು. ಲಗ್ನಪತ್ರಿಕೆ ಮೂರನೇ ಸಲ ಅಚ್ಚಾಯಿತು, ಅದರ ಹಿಂದೆ ಯಾರೂ ಬೇಳೆ ಗೀಳೆ ಬರೆಯಲಿಲ್ಲ. ಮದುವೆ ಸೋಲೂರಿನಲ್ಲಿ. ಅವತ್ತೂ ಹಸುಗಳು ರಜ ಕೊಡದೆ ಹೋದದ್ದರಿಂದ ಡೈರಿಯ ಸ್ಟೂಲಿನ ಮೇಲೆ ಹೆಣ್ಣಿನ ಸೋದರಮಾವ ರೇಷ್ಮೆ ಪಂಚೆಯಲ್ಲಿ ಕೂತು ಹಾಲು ಅಳೆದ. ಬೇಲಿಯ ಅಣ್ಣತಮ್ಮಂದಿರನ್ನು ಕೆಂಪಯ್ಯ ಬೇಕೆಂದೇ ಒಂದೇ ಎಲೆಯ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಿದ. ಪಾಯಸ ಬರುವವರೆಗೆ ಮಾತಿಲ್ಲ. ಪಾಯಸಕ್ಕೆ ಅಣ್ಣ, "ಇವ್ನಿಗ್ ಇನ್ನೊಂದ್ ಸೌಟ್ ಹಾಕ್ರಪ್ಪ," ಎಂದ. ವಾಪಸ್ ಹೋಗುವಾಗ ಸೈಕಲ್ಲಿನ ಹಿಂದಿನ ಸೀಟು ತುಂಬಿತ್ತು. ವರ್ಷ ತಿರುಗುವಷ್ಟರಲ್ಲಿ ಮಂಗಳಕ್ಕನೂ ಸೇರಿ ಮೂವರಾದರು. ಇನ್ನಿಬ್ಬರು ದಾರಿಯಲ್ಲಿದ್ದಾರಂತೆ, ಸರ್ಕಾರದ ದಾರಿ ಉದ್ದ. ಆದರೆ ಹಲಗೆಗೆ ಹೊಸ ಬಣ್ಣ ಬಂತು, ಮಹಿಳೆಯರಿಗೆ ಒಂದು ಪೂರ್ತಿ ಸಾಲು ಬಂತು. ನಾನು ಗಣಿತದಲ್ಲಿ ಪಾಸಾದೆ, ನೂರಕ್ಕೆ ಎಂಬತ್ತೊಂಬತ್ತು

ಇಷ್ಟು ಬರೆಯುವಷ್ಟರಲ್ಲಿ ಅಪ್ಪ ಒಳಗೆ ಬಂದರು. ಡ್ಯೂಟಿ ಮುಗಿಸಿ, ಬೆಲ್ಟು ಬಿಚ್ಚುತ್ತಾ, ನನ್ನ ಹೆಗಲ ಮೇಲಿಂದ ಓದತೊಡಗಿದರು. ಓದಿ, ಒಳಗೆ ಹೋಗಿ, ಟ್ರಂಕಿನಿಂದ ಆ ಬೇಸಿಗೆಯ ಮೂರನೇ ಕಾರ್ಬನ್ ಪ್ರತಿ ತಂದರು. ಅದನ್ನು ಅವರು ಇಟ್ಟುಕೊಂಡಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಕೆಂಪು ಪೆನ್ನು ತೆಗೆದು ನನ್ನ ಪಕ್ಕ ಕೂತರು.

"ಕೋಳಿಗೆ ಇಪ್ಪತ್ಮೂರಲ್ಲ, ಒಂಬತ್ತು ಜನ." ಒಂದು ಗೆರೆ. "ಟ್ರ್ಯಾಕ್ಟ್ರಲ್ಲ, ಗೂಡ್ಸ್ ಆಟೋ. ಹದಿನಾಕು ಜನ." ಇನ್ನೊಂದು ಗೆರೆ. "ಸಾಹೇಬ್ರು ಯಾವಾಗ್ ಸೆಲ್ಯೂಟ್ ಹೊಡುದ್ರು? ತಲೆ ಮ್ಯಾಲೊಂದ್ ಮೊಟುಕಿ, ಅಕ್ಷರ ದುಂಡುಗ್ ಬರಿಯವ್ವ ಅಂದ್ರು."

"ಅಪ್ಪ, ಕಥೆಗೆ ಒಸಿ..."

"ಗಣಿತ ಎಷ್ಟು?"

"ನಲವತ್ತೊಂದು," ಎಂದೆ.

ಕೆಂಪು ಪೆನ್ನು ಹಾಗೇ ಇಳಿಯುತ್ತಾ ಬಂದು ಆ ಹುಡುಗಿಯ ಸಾಲಿನ ಮೇಲೆ ನಿಂತಿತು. ಅಪ್ಪ ಕಾರ್ಬನ್ ಪ್ರತಿ ನೋಡಿದರು, ನನ್ನ ಹಾಳೆ ನೋಡಿದರು. ಅಲ್ಲೂ ನಾಲ್ಕು ಗಂಟೆ, ಇಲ್ಲೂ ನಾಲ್ಕು ಗಂಟೆ. ಅದೊಂದನ್ನು ನಾನು ಹಿಗ್ಗಿಸಿರಲಿಲ್ಲ.

"ಇದೂ ತಪ್ಪು," ಎಂದರು ಅಪ್ಪ. "ನಾಕೂವರೆ. ನೀನು ನೀರಿಗೆ ಅಂತ ಒಳಗ್ ಬರೋಕೆ ಮುಂಚೆ ಅರ್ಧ ಗಂಟೆಯಿಂದ ಅಲ್ಲೇ ಕುಂತಿತ್ತು ಆ ಮಗ, ಕೇಸ್ ಬರಿಯೋವಾಗ ಅದೇ ಹೇಳ್ತು. ಮರದ್ ಕೆಳಗೆ ಅಷ್ಟ್ ಜನ ಇದ್ರಲ್ಲ, ಯಾರೂ ನೋಡ್ನಿಲ್ಲ. ನಾನೂ ನೋಡ್ನಿಲ್ಲ."

ಎರಡೂ ಹಾಳೆಗಳ ಮೇಲೆ ಅದನ್ನು ತಿದ್ದಿ, ಪೆನ್ನಿನ ಮುಚ್ಚಳ ಹಾಕಿ, "ಏಳವ್ವ, ಮುದ್ದೆ ಆರೋಯ್ತದೆ," ಎಂದು ಎದ್ದರು.